ಮೂರು ಪದಗಳಲ್ಲಿ ನಿಮ್ಮ ಮಗಳು

ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಅಲ್ಲಿರುವ ಜಾಕೆಟ್ಟು, ಕೆಮಿಸ್ಟ್ರಿ ಪುಸ್ತಕ, ಖಾಲಿ ನೀರಿನ ಬಾಟಲಿ ಎಲ್ಲವನ್ನೂ ಆ ಕಡೆಗೆ ಸರಿಸಿದರೆ ಒಬ್ಬರಿಗೆ ಜಾಗವಾಗುತ್ತದೆ. ಬೆಳಗಿನ ಜಾವ ಐದೂಕಾಲು. 2025ರ ಮಾರ್ಚ್ 8, ಶನಿವಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಇನ್ನೂ ಮಲಗಿದೆ. ನಮ್ಮ ಬೀದಿಯಲ್ಲಿ ಮಾತ್ರ ಎದುರು ಸಾಲಿನ ಎರಡು ಮನೆಗಳಲ್ಲಿ ದೀಪ ಹತ್ತಿದೆ, ಗಾಡಿಗಳು ಗ್ಯಾರೇಜಿನಿಂದ ಹೊರಗೆ ಬಂದು ನಿಂತಿವೆ. ಆ ಮನೆಗಳಲ್ಲೂ ಹನ್ನೊಂದನೇ ಕ್ಲಾಸಿನ ಮಕ್ಕಳಿದ್ದಾರೆ.

ನನ್ನ ಪಕ್ಕದಲ್ಲಿ ಕೂತಿರುವವಳು ಮಗಳು. ಹದಿನೇಳು ತುಂಬಲು ಇನ್ನೆರಡು ತಿಂಗಳಿದೆ. ಹೊರಡುವಾಗ ಹಣೆಗಿಟ್ಟ ಕುಂಕುಮವನ್ನು ಅವಳು ಒರೆಸಿಕೊಂಡಿಲ್ಲ. ಅಂದರೆ ಅವಳಿಗೂ ಒಳಗೆ ಪುಕಪುಕ ಅನ್ನುತ್ತಿದೆ. ತೊಡೆಯ ಮೇಲೆ ಲ್ಯಾಪ್‌ಟಾಪು, ಅದರ ಚಾರ್ಜರು, ಪ್ರವೇಶಪತ್ರದ ಪ್ರಿಂಟು, ಶಾಲೆಯ ಗುರುತಿನ ಚೀಟಿ. ಬ್ಯಾಟರಿ ನೂರಕ್ಕೆ ನೂರು ತುಂಬಿದೆಯೇ ಎಂದು ರಾತ್ರಿಯಿಂದ ನಾಲ್ಕು ಸಲ ನೋಡಿದ್ದೇವೆ, ಅವಳು ಎರಡು ಸಲ, ನಾನು ಎರಡು ಸಲ.

ನಾವು ಹೋಗುತ್ತಿರುವುದು ಮೊಡೆಸ್ಟೋಗೆ. ಸುಮಾರು 65 ಮೈಲಿ. ಹಾಸನದಿಂದ ಮೈಸೂರಿಗೆ ಹೋಗಿ ಪರೀಕ್ಷೆ ಬರೆದು ಬಂದ ಹಾಗೆ. ನಮ್ಮ ಬೇ ಏರಿಯಾದಲ್ಲಿ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ನಡೆಸಲು ಒಪ್ಪುವ ಶಾಲೆಗಳು ಕಡಿಮೆ, ಬರೆಯುವ ಮಕ್ಕಳು ಲೆಕ್ಕವಿಲ್ಲದಷ್ಟು. ಹತ್ತಿರದ ಕೇಂದ್ರಗಳೆಲ್ಲ ಭರ್ತಿಯಾಗಿ, ಹುಡುಕುತ್ತಾ ಹುಡುಕುತ್ತಾ ಬೆಟ್ಟ ದಾಟಿದ ಮೇಲೆ ನಮಗೆ ಸೀಟು ಸಿಕ್ಕಿತು. ಸಿಕ್ಕ ದಿನ ನಾನು ಅಡುಗೆಮನೆಯಲ್ಲಿ ಕೂಗಿಕೊಂಡಿದ್ದೆ, ಯಾವುದೋ ಕಾಲೇಜಿನಲ್ಲೇ ಸೀಟು ಸಿಕ್ಕಿತೇನೋ ಅನ್ನುವ ಹಾಗೆ.

680 ಹಿಡಿದು 580ಕ್ಕೆ ತಿರುಗುವಷ್ಟರಲ್ಲಿ ಅವಳು ಕೇಳುತ್ತಾಳೆ.

"ಅಮ್ಮ, ಯುಸಿಯವರು ಇದನ್ನ ನೋಡೋದೇ ಇಲ್ಲ ಅಲ್ವಾ?"

"ನೋಡಲ್ಲ."

"ಮತ್ತೆ ಯಾಕೆ ಹೋಗ್ತಿದೀವಿ?"

ನೀವು ಹಿಂದೆ ಕೂತಿದ್ದೀರಿ, ನಿಮಗೂ ಅದೇ ಪ್ರಶ್ನೆ ಬಂದಿರಬಹುದು. ಬರ್ಕ್ಲಿ, ಲಾಸ್ ಏಂಜಲಿಸ್, ಡೇವಿಸ್, ಸ್ಯಾನ್ ಡಿಯಾಗೋ ಎಲ್ಲಾ ಸೇರಿ ಯುಸಿಗೆ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಪದವಿ ಕಲಿಸುವ ಒಂಬತ್ತು ಕ್ಯಾಂಪಸ್ಸುಗಳಿವೆ. ಮಗಳು ಹೆಚ್ಚಾಗಿ ಹೋಗುವುದು ಅವುಗಳಲ್ಲೊಂದಕ್ಕೇ. 2021ರಿಂದ ಅವು ಪ್ರವೇಶಕ್ಕೆ ಎಸ್‌ಎಟಿ ಅಂಕವನ್ನು ಪರಿಗಣಿಸುವುದೇ ಇಲ್ಲ. ಕೋವಿಡ್ ಹೊತ್ತಿನಲ್ಲಿ ಹಲವು ಖಾಸಗಿ ಕಾಲೇಜುಗಳೂ ಪರೀಕ್ಷೆ ಕಡ್ಡಾಯವಲ್ಲ ಎಂದಿದ್ದವು. ಆಮೇಲೆ ಒಂದೊಂದಾಗಿ ಮನಸ್ಸು ಬದಲಾಯಿಸಿದವು: 2022ರಲ್ಲಿ ಎಂಐಟಿ, 2024ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್, ಕ್ಯಾಲ್‌ಟೆಕ್. ಸ್ಟ್ಯಾನ್‌ಫರ್ಡ್ ಕೂಡ ಮಗಳ ಬ್ಯಾಚಿನಿಂದಲೇ ಮತ್ತೆ ಅಂಕ ಕೇಳುತ್ತದೆ. ಅವಳು ಆ ಕಾಲೇಜುಗಳಿಗೆ ಅರ್ಜಿ ಹಾಕುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಹಾಕಿದರೆ ಅಂಕ ಇರಲಿ ಎಂದು ಈ ಪ್ರಯಾಣ.

"ಇರಲಿ ಅಂತ," ಎನ್ನುತ್ತೇನೆ.

ಅವಳು ಕಿಟಕಿಯ ಕಡೆ ತಿರುಗುತ್ತಾಳೆ. ಈ ಒಂದು ವರ್ಷದಲ್ಲಿ ನಾವು ಮಾಡಿದ್ದರಲ್ಲಿ ಎಷ್ಟೋ ಪಾಲು 'ಇರಲಿ ಅಂತ' ಮಾಡಿದ್ದೇ.

ಆಲ್ಟಮಾಂಟ್ ಕಣಿವೆಯ ಏರು ಬಂತು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿಟುಕುತ್ತಿವೆ. ಚಳಿಗಾಲದ ಮಳೆಗೆ ಗುಡ್ಡಗಳು ಹಸಿರಾಗಿವೆ. ಬೆಳಕು ಬಂದ ಮೇಲೆ ನೋಡಿ, ನಮ್ಮ ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನ ಹಾಗೇ ಕಾಣುತ್ತವೆ. ಮೇ ತಿಂಗಳಿಗೆ ಎಲ್ಲಾ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಇಳಿಜಾರು ಮುಗಿದು ಬಯಲಿಗೆ ಬಂದಾಗ ಪೂರ್ವದಲ್ಲಿ ಬೂದುಬೆಳಕು. ರಸ್ತೆಯ ಎರಡೂ ಕಡೆ ಬಾದಾಮಿ ತೋಟಗಳು, ಗೆರೆ ಎಳೆದ ಹಾಗೆ ಸಾಲು ಸಾಲು. ಜಗತ್ತಿನ ಬಾದಾಮಿಯಲ್ಲಿ ಐದರಲ್ಲಿ ನಾಲ್ಕು ಪಾಲು ಈ ರಾಜ್ಯದ್ದು. ಹೂವಿನ ಕಾಲ ಮುಗಿಯುತ್ತಾ ಬಂದು, ಬಿಳಿ ಎಸಳು ಉದುರಿ ನೆಲವೆಲ್ಲ ಅಕ್ಕಿಹಿಟ್ಟು ಚೆಲ್ಲಿದ ಹಾಗಿದೆ. ಮಗಳು ಫೋನ್ ಎತ್ತಿ ಒಂದು ಚಿತ್ರ ತೆಗೆಯುತ್ತಾಳೆ. "ತಾತಂಗೆ ಕಳಿಸ್ತೀನಿ," ಎನ್ನುತ್ತಾಳೆ. ಇವತ್ತು ಬೆಳಗ್ಗೆ ಅವಳು ತಾನಾಗಿ ಆಡಿದ ಮೊದಲ ಮಾತು.

ಶಾಲೆಯ ಪಾರ್ಕಿಂಗ್ ಜಾಗಕ್ಕೆ ಬಂದಾಗ ಆರೂಮುಕ್ಕಾಲು. ಆಗಲೇ ಇಪ್ಪತ್ತು ಮೂವತ್ತು ಗಾಡಿಗಳಿವೆ. ಗಾಜಿಗೆಲ್ಲ ಉಸಿರಿನ ಹಬೆ. ಒಂದೊಂದರಲ್ಲೂ ಒಬ್ಬ ಅಪ್ಪನೋ ಅಮ್ಮನೋ, ಪಕ್ಕದಲ್ಲಿ ಒಂದು ಮಗು. ಸ್ಟೀಲ್ ಡಬ್ಬಿ ತೆಗೆಯುತ್ತೇನೆ, ಒಗ್ಗರಣೆ ಅವಲಕ್ಕಿ. ನಿಮಗೂ ಇದೆ, ತಗೊಳ್ಳಿ. ಮಗಳು ನಾಲ್ಕು ಚಮಚ ತಿಂದು ಸಾಕು ಎನ್ನುತ್ತಾಳೆ. ಬಲವಂತ ಮಾಡುವುದಿಲ್ಲ.

ಏಳೂಮುಕ್ಕಾಲಿಗೆ ಬಾಗಿಲು ತೆರೆಯುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಎಲ್ಲರ ಕಂಕುಳಲ್ಲೂ ಲ್ಯಾಪ್‌ಟಾಪು. ಕಾಗದದ ಪ್ರಶ್ನೆಪತ್ರಿಕೆ, ಪೆನ್ಸಿಲಿನಿಂದ ವೃತ್ತ ತುಂಬುವುದು ಈ ದೇಶದಲ್ಲಿ 2024ರ ಮಾರ್ಚ್‌ಗೆ ಮುಗಿಯಿತು. ಈಗ ಎರಡು ಗಂಟೆ ಹದಿನಾಲ್ಕು ನಿಮಿಷ, 98 ಪ್ರಶ್ನೆ, 1600 ಅಂಕ. ಒಂದೊಂದು ವಿಭಾಗದ ಮೊದಲರ್ಧದಲ್ಲಿ ಹೇಗೆ ಬರೆಯುತ್ತಾರೆಂದು ನೋಡಿ ಯಂತ್ರವೇ ಉಳಿದರ್ಧಕ್ಕೆ ಸುಲಭದ ಪ್ರಶ್ನೆ ಕೊಡಬೇಕೋ ಕಷ್ಟದ್ದೋ ತೀರ್ಮಾನಿಸುತ್ತದೆ. ಪ್ರಶ್ನೆ ಸುಲಭವಾದರೆ ಮಕ್ಕಳಿಗೆ ಗಾಬರಿ: ಮೊದಲರ್ಧ ಕೆಟ್ಟಿತೇನೋ ಅಂತ.

ಮಗಳು ಹಿಂತಿರುಗಿ ನೋಡದೆ ಒಳಗೆ ಹೋದಳು. ಜಡೆಯ ತುದಿ ಬಾಗಿಲಿನಲ್ಲಿ ಒಂದು ಕ್ಷಣ ಕಂಡಿತು, ಅಷ್ಟೆ.

ಈಗ ನನ್ನ ಪರೀಕ್ಷೆ. ಈ ಹಾಳೆ ನೋಡಿ. ಸೋಮವಾರದೊಳಗೆ ಶಾಲೆಯ ಕೌನ್ಸೆಲರ್‌ಗೆ ಕೊಡಬೇಕು. ಇಲ್ಲಿಯವರು ಇದಕ್ಕೆ ಬ್ರ್ಯಾಗ್ ಶೀಟ್ ಅನ್ನುತ್ತಾರೆ, ಅಂದರೆ ಜಂಬದ ಹಾಳೆ. ಕಾಲೇಜುಗಳಿಗೆ ಹೋಗುವ ಶಿಫಾರಸು ಪತ್ರವನ್ನು ಕೌನ್ಸೆಲರ್ ಬರೆಯುತ್ತಾರೆ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿರಬೇಕು ಎಂದು ಅವರದೇ ರಾಷ್ಟ್ರೀಯ ಸಂಘ ಹೇಳುತ್ತದೆ. ನಮ್ಮ ಶಾಲೆಯವರ ಪಾಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳಿದ್ದಾರೆ. ವರ್ಷಕ್ಕೆ ಇಪ್ಪತ್ತು ನಿಮಿಷ ಮಾತಾಡಿಸಿದ ಹುಡುಗಿಯ ಬಗ್ಗೆ ಅವರು ಒಂದು ಪುಟ ಬರೆಯುವುದು ಹೇಗೆ? ಅದಕ್ಕೇ ಹೆತ್ತವರನ್ನು ಕೇಳುತ್ತಾರೆ. ಮೊದಲ ಪ್ರಶ್ನೆ ಹೀಗಿದೆ: ನಿಮ್ಮ ಮಗುವನ್ನು ಮೂರು ಪದಗಳಲ್ಲಿ ವರ್ಣಿಸಿ. ಎರಡನೆಯದು: ಆ ಗುಣ ತೋರಿಸುವ ಒಂದು ಘಟನೆ ಬರೆಯಿರಿ.

ಹತ್ತು ದಿನದಿಂದ ಖಾಲಿ ಇದೆ.

ಆಫೀಸಿನಲ್ಲಿ ನನ್ನ ಕೈಕೆಳಗೆ ಆರು ಜನರಿದ್ದಾರೆ. ಡಿಸೆಂಬರ್ ಬಂದರೆ ಅವರ ಅಪ್ರೈಸಲ್ ಒಂದೇ ಸಂಜೆಯಲ್ಲಿ ಬರೆದು ಮುಗಿಸುತ್ತೇನೆ. ಮಗಳ ಬಗ್ಗೆ ಮೂರು ಪದ ಬರೆಯಲು ಕೈ ಏಳುತ್ತಿಲ್ಲ. ಒಂದು ಕಾರಣ ನಿಮಗೆ ಹೇಳಿದರೆ ಅರ್ಥವಾಗುತ್ತದೆ, ಇಲ್ಲಿಯವರಿಗೆ ಹೇಳಿದರೆ ಆಗುವುದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳನ್ನು ಹೊಗಳುವ ವಾಡಿಕೆಯೇ ಇರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿ ತಾಲೂಕಿಗೆ ಮೊದಲು ಬಂದಾಗ ಪಕ್ಕದ ಮನೆಯವರು ಬಂದು ಹಾಡಿ ಹೊಗಳಿ ಹೋದರು. ಅವರು ಗೇಟು ದಾಟುತ್ತಲೇ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪ ಮಾರ್ಕ್ಸ್ ಕಾರ್ಡು ಮಡಚಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರು. ಅವರು ಹೊಗಳಿದ್ದು ಅಷ್ಟೇ. ಹೊಗಳಿಕೆ ಕೇಳದೆ ಬೆಳೆದವಳ ಕೈಗೆ ಈಗ ಜಂಬದ ಹಾಳೆ ಕೊಟ್ಟಿದ್ದಾರೆ.

ನಾನು ಪಿಯುಸಿ ಮುಗಿಸಿದ್ದು 1996ರಲ್ಲಿ, ಸಿಇಟಿ ಶುರುವಾಗಿ ಎರಡು ವರ್ಷವಾಗಿತ್ತು. ಪಿಯುಸಿ ಅಂಕ, ಸಿಇಟಿ ಅಂಕ ಎರಡನ್ನೂ ಕೂಡಿಸಿ ಒಂದು ರ‍್ಯಾಂಕ್ ಕೊಟ್ಟರು. ಆ ಸಂಖ್ಯೆ ಹಿಡಿದುಕೊಂಡು ಅಪ್ಪನ ಜೊತೆ ಸರ್ಕಾರಿ ಬಸ್ಸಿನಲ್ಲಿ ಬೆಂಗಳೂರಿಗೆ ಕೌನ್ಸೆಲಿಂಗಿಗೆ ಬಂದೆ. ನನ್ನ ಸರದಿ ಬಂತು, ಉಳಿದಿದ್ದ ಸೀಟುಗಳಲ್ಲಿ ಒಂದನ್ನು ಆರಿಸಿದೆ, ಮುಗಿಯಿತು. ನಾನು ಎಂಥವಳು ಎಂದು ಯಾರೂ ಕೇಳಲಿಲ್ಲ. ಅದು ಕಠೋರ ಪದ್ಧತಿ, ಗೊತ್ತು. ಒಂದು ಬೆಳಗ್ಗೆ ಜ್ವರ ಬಂದವರ ಬದುಕು ಅಡ್ಡದಾರಿ ಹಿಡಿಯುತ್ತಿತ್ತು. ಆದರೆ ನಮ್ಮ ಅಪ್ಪ ಅಮ್ಮನಿಗೆ ಅದರಲ್ಲಿ ಮಾಡಲು ಏನೂ ಇರಲಿಲ್ಲ. ಹಾಲು ಕಾಯಿಸಿ ಕೊಟ್ಟು ಟಿವಿ ಆರಿಸಿದರೆ ಅವರ ಕೆಲಸ ಮುಗಿಯುತ್ತಿತ್ತು. ಇಲ್ಲಿ ಹೆತ್ತವರು ಮಾಡಬಹುದಾದದ್ದಕ್ಕೆ ಕೊನೆಯೇ ಇಲ್ಲ. ನಾನು ಎಡವಿದ್ದು ಅಲ್ಲೇ.

ಆಗಸ್ಟಿನಲ್ಲಿ ಶಾಲೆ ಶುರುವಾದಾಗಲೇ ಒಂದು ಎಕ್ಸೆಲ್ ಹಾಳೆ ಮಾಡಿದೆ. ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಸಾಲು ಇರುತ್ತದೆ, ಒಂದೊಂದರ ವಿವರಣೆಗೆ 150 ಅಕ್ಷರ. ನನ್ನ ಹಾಳೆಯಲ್ಲೂ ಹತ್ತು ಸಾಲು ಹಾಕಿಕೊಂಡೆ. ಐದು ತುಂಬಿದವು. ಉಳಿದ ಐದು ಖಾಲಿ ಸಾಲುಗಳು ನನ್ನ ನಿದ್ದೆ ಕೆಡಿಸಿದವು. ಪರಿಚಯದವರೊಬ್ಬರು ಖಾಸಗಿ ಸಲಹೆಗಾರರ ಹತ್ತಿರ ಹೋಗಿದ್ದರು. ಮಗುವಿನ ಹೆಸರಿನಲ್ಲಿ ಒಂದು ಸೇವಾಸಂಸ್ಥೆ ಶುರುಮಾಡಿಸಿ ಎಂದು ಅವರಿಗೆ ಸಲಹೆ ಬಂತಂತೆ. ನಾನೂ ಎರಡು ದಿನ ಅದರ ಹೆಸರು ಯೋಚಿಸಿದೆ. 2019ರ ಮಾರ್ಚ್‌ನಲ್ಲಿ ಬಯಲಾದ ಹಗರಣ ನಿಮಗೆ ನೆನಪಿರಬಹುದು. ಲಂಚ ಕೊಟ್ಟು, ಆಟವೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ ಸೀಟು ಕೊಡಿಸಿದ ಹೆತ್ತವರು ಜೈಲಿಗೆ ಹೋದರು. ಅವರನ್ನು ಟಿವಿಯಲ್ಲಿ ನೋಡಿ ಛೀ ಎಂದವಳು ನಾನು. ಆದರೆ ಇಲ್ಲದ ಸೇವಾಸಂಸ್ಥೆಗೆ ಹೆಸರು ಹುಡುಕುವ ಕೈಯೂ ಆ ದಾರಿಯಲ್ಲೇ ಒಂದು ಹೆಜ್ಜೆ ಇಟ್ಟಿರುತ್ತದೆ. ಮಗಳು ಕೇಳಿದ್ದು ಒಂದೇ ಮಾತು: "ಅಮ್ಮ, ಅದರಲ್ಲಿ ನಾನು ಏನ್ ಮಾಡ್ಬೇಕು?" ಉತ್ತರ ಹೊಳೆಯಲಿಲ್ಲ. ಆ ಸಾಲು ಅಳಿಸಿದೆ.

ಕಿಟಕಿ ಯಾರೋ ತಟ್ಟುತ್ತಿದ್ದಾರೆ. ಇಳಿಸೋಣ.

"ಕನ್ನಡದವರೇನ್ರೀ? ಡಬ್ಬ್ಯಾಗ ಅವಲಕ್ಕಿ ನೋಡಿ ಬಂದೆ."

ಧಾರವಾಡದವರು. ಸ್ಯಾನ್ ರಮೋನಿನಿಂದ ಮಗನನ್ನು ಕರೆದುಕೊಂಡು ಬಂದಿದ್ದಾರೆ. ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಡುತ್ತೇನೆ, ಅವಲಕ್ಕಿಯನ್ನೂ. ಬಾನೆಟ್ಟಿಗೆ ಒರಗಿ ನಿಂತು ತಿನ್ನುತ್ತಾರೆ. ನೀವೂ ಕೆಳಗಿಳಿಯಿರಿ, ಬಿಸಿಲು ಬಂದಿದೆ.

"ನಿಮ್ಮ ಕೌನ್ಸೆಲರೂ ಆ ಹಾಳಿ ಕೊಟ್ಟಾರೇನ್ರಿ ಅಕ್ಕಾರ? ನಮಗೂ ಕೊಟ್ಟಿದ್ರು. ಅದರಾಗ ಒಂದು ಪ್ರಶ್ನೆ ಇತ್ರಿ, ಬ್ಯಾಸಗ್ಯಾಗ ಎಲ್ಲಿ ಕೆಲಸ ಮಾಡ್ಯಾನ ಅಂತ. ಏನ್ ಬರೀಲಿ? ಅಂವಾ ಕೆಲಸ ಮಾಡೂ ಹಂಗೇ ಇಲ್ಲ."

ಮಗ ನಾಲ್ಕು ವರ್ಷದವನಿದ್ದಾಗ ಬಂದದ್ದು. ಅಪ್ಪನದು ಎಚ್-1ಬಿ ಎಂಬ ಕೆಲಸದ ವೀಸಾ, ಮಗನದು ಎಚ್-4 ಎಂಬ ಅವಲಂಬಿತರ ವೀಸಾ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಎಷ್ಟೋ ವರ್ಷವಾಯಿತು. ಉದ್ಯೋಗದ ಮೇಲೆ ಬಂದವರಿಗೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು. ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲು ಇಲ್ಲ. ಭಾರತದಲ್ಲಿ ಹುಟ್ಟಿದವರ ಸಾಲು ಹಾಗಾಗಿ ಕರಗುವುದೇ ಇಲ್ಲ. ಸಂಬಳದ ಇಂಟರ್ನ್‌ಶಿಪ್ಪಿರಲಿ, ಪಿಜ್ಜಾ ಅಂಗಡಿಯಲ್ಲಿ ತಟ್ಟೆ ತೊಳೆಯುವ ಕೆಲಸವೂ ಎಚ್-4 ಹುಡುಗ ಮಾಡುವಂತಿಲ್ಲ. ಒಕ್ಕೂಟ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಜಿ ಹಾಕುವಂತಿಲ್ಲ. ಹಲವು ಖಾಸಗಿ ಕಾಲೇಜುಗಳು ಧನಸಹಾಯದ ವಿಷಯ ಬಂದಾಗ ಇಲ್ಲೇ ಬೆಳೆದ ಈ ಮಕ್ಕಳನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ.

"ಇಪ್ಪತ್ತೊಂದು ತುಂಬಿತಂದ್ರ ಮಗಾ ನಮ್ಮಿಂದ ಬ್ಯಾರೆ ಆಗ್ತಾನ್ರಿ, ಕಾಗದದಾಗ," ಎನ್ನುತ್ತಾರೆ. "ಆಗ ಸ್ಟೂಡೆಂಟ್ ವೀಸಾ ತಗೋಬೇಕು, ಇಲ್ಲಾ ವಾಪಸ್ ಹೋಗಬೇಕು. ಧಾರವಾಡಕ್ಕ ಹೋದ್ರ ಅಂವಗ ದಾರಿ ಗೊತ್ತಿಲ್ಲ. ಅಜ್ಜಿ ಮನೀಗೆ ಮೂರು ಸಲ ಹೋಗ್ಯಾನ, ಅಷ್ಟ."

ಸುಮ್ಮನೆ ಕಾಫಿ ಕುಡಿಯುತ್ತಾರೆ. ಹುಡುಗ ಶನಿವಾರಗಳಲ್ಲಿ ಉಚಿತ ಆಹಾರ ಹಂಚುವ ಉಗ್ರಾಣದಲ್ಲಿ ಮೂಟೆ ಹೊರುತ್ತಾನಂತೆ, ಸಂಬಳವಿಲ್ಲದೆ. ಎರಡು ವರ್ಷದಿಂದ. ಅದನ್ನು ಹೇಳುವಾಗ ಮಾತ್ರ ಅವರ ಮುಖ ಅರಳುತ್ತದೆ. "ಅದನ್ನ ಬರದ್ನಿರಿ ಹಾಳ್ಯಾಗ. ಭುಜಾ ನೋಯಿಸ್ಕೊಂಡು ಬರ್ತಾನ, ಆದ್ರ ಒಂದು ವಾರ ತಪ್ಪಿಸಿಲ್ಲ ಅಂತ ಬರದೆ."

ನನ್ನ ಮಗಳು ಇಲ್ಲೇ ಹುಟ್ಟಿದವಳು. ಆ ಸಾಲಿನಲ್ಲಿ ನಿಲ್ಲುವ ಪಾಡು ಅವಳಿಗಿಲ್ಲ. ನನ್ನ ಖಾಲಿ ಐದು ಸಾಲುಗಳ ಚಿಂತೆಯನ್ನು ಅವರ ಮುಂದೆ ಬಾಯಿಬಿಡಲು ನಾಚಿಕೆಯಾಗಿ ಸುಮ್ಮನಾಗುತ್ತೇನೆ. ಈ ಮಕ್ಕಳಿಗೆ ದಾರಿ ಮಾಡಿಕೊಡದಿರುವುದು ಈ ದೇಶ ಮಾಡುತ್ತಿರುವ ದೊಡ್ಡ ತಪ್ಪು. ಅದನ್ನು ನೀವು ಎಲ್ಲಿ ಬೇಕಾದರೂ ನನ್ನ ಮಾತೆಂದೇ ಹೇಳಿ.

ಅವರು ತಮ್ಮ ಗಾಡಿಗೆ ಹೋದರು. ಹತ್ತು ಗಂಟೆಗೆ ಹತ್ತು ನಿಮಿಷ ಕಡಿಮೆ. ಒಳಗೆ ಗಣಿತ ಶುರುವಾಗಿರಬೇಕು.

ಹಾಳೆ ಮತ್ತೆ ತೊಡೆಯ ಮೇಲಿದೆ. ಪದಗಳು ಬರುವ ಮೊದಲು ಬೇರೆ ಏನೇನೋ ನೆನಪಾಗುತ್ತಿದೆ.

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಅವಳ ಕೋಣೆಯ ಬಾಗಿಲಡಿ ರಾತ್ರಿ ಒಂದರವರೆಗೂ ಬೆಳಕು ಇರುತ್ತಿತ್ತು. ಈ ವರ್ಷ ಮೂರು ಎಪಿ ವಿಷಯ ತೆಗೆದುಕೊಂಡಿದ್ದಾಳೆ, ಅಮೆರಿಕದ ಇತಿಹಾಸ, ಕೆಮಿಸ್ಟ್ರಿ, ಇಂಗ್ಲಿಷ್. ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, ಒಂದರಿಂದ ಐದರವರೆಗೆ ಅಂಕ. ಯುಸಿಯವರು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವುದು ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಅಂಕದಿಂದ, ಆದ್ದರಿಂದ ಈ ವರ್ಷದ ಒಂದೊಂದು ಗ್ರೇಡಿಗೂ ಭಾರ ಹೆಚ್ಚು. ನಾನು ನೀರು ಕುಡಿಯಲು ಎದ್ದಾಗ ಆ ಬೆಳಕು ನೋಡಿ ಒಳಗೊಳಗೇ ಸಮಾಧಾನಪಡುತ್ತಿದ್ದೆ: ಓದುತ್ತಿದ್ದಾಳೆ. ಅದನ್ನು ಇವತ್ತು ಒಪ್ಪಿಕೊಳ್ಳುತ್ತೇನೆ. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ಮಕ್ಕಳು ಮಲಗಲಿ ಎಂದೇ ಈ ರಾಜ್ಯ ಒಂದು ಕಾನೂನು ಮಾಡಿದೆ. 2022ರ ಜುಲೈಯಿಂದ ಇಲ್ಲಿನ ಬಹುಪಾಲು ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗಿಂತ ಮೊದಲು ಪಾಠ ಶುರುಮಾಡುವಂತಿಲ್ಲ. ಸರ್ಕಾರ ಬೆಳಗ್ಗೆ ಕೊಟ್ಟ ನಿದ್ದೆಯನ್ನು ನಾವು ರಾತ್ರಿ ಕಿತ್ತುಕೊಂಡೆವು.

ಡಂಬಾರ್ಟನ್ ಸೇತುವೆ ದಾಟಿ ಸ್ವಲ್ಪ ಹೋದರೆ ಪಾಲೋ ಆಲ್ಟೋ. 2009ರಲ್ಲಿ, ಮತ್ತೆ 2014-15ರಲ್ಲಿ ಆ ಊರು ಒಬ್ಬರ ಹಿಂದೊಬ್ಬರಂತೆ ಹೈಸ್ಕೂಲು ಮಕ್ಕಳನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡಿತು. 2016ರಲ್ಲಿ ದೇಶದ ರೋಗನಿಯಂತ್ರಣ ಕೇಂದ್ರದ ತಂಡವೇ ಬಂದು ಅಧ್ಯಯನ ಮಾಡಿತು. ಕಾರಣ ಒಂದೇ ಎಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆದರೆ ನಮ್ಮ ಫ್ರಿಜ್ಜಿನ ಬಾಗಿಲಿಗೆ 988 ಎಂಬ ಸಹಾಯವಾಣಿ ಸಂಖ್ಯೆ ಅಂಟಿಸಿದ್ದೇನೆ. ಅಮೆರಿಕದಲ್ಲಿದ್ದರೆ ನೀವೂ ಅಂಟಿಸಿ.

ಮಗಳು ಸೊರಗಿದ್ದನ್ನು ಮೊದಲು ಕಂಡವರು ನಮ್ಮ ಅಪ್ಪ. ಹಾಸನದಲ್ಲಿ ಕೂತು, ಅದೂ ಕಣ್ಣು ಸರಿಯಾಗಿ ಕಾಣದವರು. "ಮಗು ದನಿ ಯಾಕೆ ಹಿಂಗೆ ಬತ್ತಿದೆ? ಊಟ ಮಾಡ್ತಾಳೇನೇ?" ಎಂದು ಫೆಬ್ರವರಿಯಲ್ಲಿ ಕೇಳಿದರು. ಅವರಿಗೆ ಗೊತ್ತಾಗಿದ್ದು ದನಿಯಿಂದ.

ಅಪ್ಪನಿಗೆ ಗ್ಲುಕೋಮಾ. ಮೂರು ವರ್ಷದ ಹಿಂದೆ ಪೇಪರು ಓದುವುದು ನಿಂತಿತು. ಅವತ್ತಿನಿಂದ ಪ್ರತಿ ಶನಿವಾರ ರಾತ್ರಿ ಏಳೂವರೆಗೆ, ಅಲ್ಲಿ ಭಾನುವಾರ ಬೆಳಗ್ಗೆ, ಮಗಳು ಫೋನಿನಲ್ಲಿ ಅವರಿಗೆ ಕನ್ನಡ ಪೇಪರು ಓದಿ ಹೇಳುತ್ತಾಳೆ. ಆರನೇ ವಯಸ್ಸಿನಿಂದ ಭಾನುವಾರದ ಕನ್ನಡ ಕ್ಲಾಸಿಗೆ ಹೋಗಿ ಕಲಿತ ಅಕ್ಷರ. ಒತ್ತಕ್ಷರ ಬಂದರೆ ಎಡವುತ್ತಾಳೆ. "ಅಲ್ಪಪ್ರಾಣ ಅಲ್ಲ ಕಣೇ, ಮಹಾಪ್ರಾಣ. ಹೊಟ್ಟೆಯಿಂದ ಹೇಳು," ಎಂದು ಅವರು ತಿದ್ದುತ್ತಾರೆ. ಈ ರಾಜ್ಯದಲ್ಲಿ ಎರಡು ಭಾಷೆ ಬಲ್ಲ ಮಕ್ಕಳ ಡಿಪ್ಲೊಮಾಕ್ಕೆ ಒಂದು ಮುದ್ರೆ ಒತ್ತುತ್ತಾರೆ. 2011ರಲ್ಲಿ ಅದಕ್ಕೆ ಕಾನೂನು ಮಾಡಿದ ಮೊದಲ ರಾಜ್ಯ ಇದೇ. ಕನ್ನಡದಲ್ಲೂ ಅದಕ್ಕೊಂದು ಪರೀಕ್ಷೆ ಇದೆ, ಮಗಳು ಬರೆಯಲಿದ್ದಾಳೆ. ಆ ಮುದ್ರೆಯನ್ನು ನನ್ನ ಎಕ್ಸೆಲ್ ಹಾಳೆಯಲ್ಲಿ ಆಗಲೇ ಸೇರಿಸಿದ್ದೇನೆ. ತಾತನಿಗೆ ಪೇಪರು ಓದುವುದನ್ನು ಸೇರಿಸಿರಲಿಲ್ಲ, ಅದೊಂದು ಚಟುವಟಿಕೆ ಅಂತ ಹೊಳೆದಿರಲೇ ಇಲ್ಲ. ಕಾಮನ್ ಆ್ಯಪ್‌ನ ಚಟುವಟಿಕೆಗಳ ಪಟ್ಟಿಯಲ್ಲಿ ಕುಟುಂಬದ ಜವಾಬ್ದಾರಿ ಎಂಬ ಬಗೆಯೂ ಇದೆ ಎಂದು ನನಗೆ ತೋರಿಸಿದ್ದು ಅದೇ ಕೌನ್ಸೆಲರ್. ತಮ್ಮ ತಂಗಿಯರ ಜಡೆ ಹಾಕಿ ಶಾಲೆಗೆ ಕಳಿಸುವ ಮಕ್ಕಳು, ಅಜ್ಜಿಗೆ ಔಷಧಿ ಕೊಡುವ ಮಕ್ಕಳು ಅದನ್ನೇ ಬರೆಯುತ್ತಾರಂತೆ. ನಾನು ಮನೆಗೆ ಬಂದು ಖಾಲಿ ಸಾಲೊಂದರಲ್ಲಿ ಅದನ್ನು ತುಂಬಲು ಕೂತೆ. ವಾರಕ್ಕೆ ಎಷ್ಟು ಗಂಟೆ? ವರ್ಷಕ್ಕೆ ಎಷ್ಟು ವಾರ? ಕೇಳಿದ್ದಕ್ಕೆ ಮಗಳು, "ಲೆಕ್ಕ ಇಟ್ಟಿಲ್ಲಮ್ಮ," ಎಂದು ಎದ್ದು ಹೋದಳು. ಆ ಸಾಲು ಅರ್ಧಕ್ಕೇ ನಿಂತಿದೆ. ಅದನ್ನು ಬರೆಯಬೇಕೋ ಬೇಡವೋ ಆಗಸ್ಟ್ 1ಕ್ಕೆ ಅರ್ಜಿ ತೆರೆದಾಗ ಅವಳೇ ತೀರ್ಮಾನಿಸಲಿ. ನಾನು ಕೈಹಾಕುವುದಿಲ್ಲ.

ಆದರೆ ಇನ್ನೊಂದು ನೆನಪಾಗುತ್ತಿದೆ ನೋಡಿ. ಹೇಗೆ ಮರೆತಿದ್ದೆನೋ.

ಅಪ್ಪನಿಗೆ ಪೇಪರಿನಲ್ಲಿ ಮೊದಲು ಬೇಕಾಗುವುದು ಶ್ರದ್ಧಾಂಜಲಿಯ ಪುಟ. "ಹೋದವರು ಯಾರು ನೋಡು," ಎಂದೇ ಶುರುಮಾಡುತ್ತಾರೆ. ಆ ವಯಸ್ಸಿನವರಿಗೆ ಊರಿನ ಸುದ್ದಿ ಅಂದರೆ ಅದೇ. ಜನವರಿಯ ಒಂದು ಶನಿವಾರ ಮಗಳು ಹೆಸರುಗಳನ್ನು ಓದುತ್ತಾ ಓದುತ್ತಾ ಒಂದು ಕಡೆ ತಡೆದಳು, ಒಂದು ಹೆಸರು ಹಾರಿಸಿದಳು, ಮುಂದಿನದಕ್ಕೆ ಹೋದಳು. ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದೆ, ಗಮನಿಸಲಿಲ್ಲ. ಪೇಪರು ಮುಗಿಸಿ ಫೋನಿಟ್ಟು ಅಡುಗೆಮನೆಗೆ ಬಂದು ನನ್ನ ಬೆನ್ನಿಗೆ ಹಣೆ ಆನಿಸಿ ನಿಂತಳು. "ಪೇಪರಲ್ಲಿ ತಾತನ ಫ್ರೆಂಡ್ ಫೋಟೋ ಇತ್ತು. ರೋಸ್ ಗಿಡದ ತಾತ. ನಂಗೆ ಓದಕ್ಕಾಗ್ಲಿಲ್ಲ. ನೀನೇ ಹೇಳಮ್ಮ, ನಿಧಾನಕ್ಕೆ." ಅಪ್ಪನ ಜೊತೆ ನಲವತ್ತು ವರ್ಷ ವಾಕಿಂಗ್ ಹೋದವರು ಅವರು. ರಜೆಗೆ ಹೋದಾಗ ಮಗಳಿಗೆ ಗುಲಾಬಿಯ ಕಡ್ಡಿ ನೆಡುವುದು ತೋರಿಸಿಕೊಟ್ಟಿದ್ದರು, ಅವಳಿಗೆ ಆಗ ಒಂಬತ್ತು ವರ್ಷ.

ಆ ರಾತ್ರಿ ಅಪ್ಪನಿಗೆ ನಾನೇ ಹೇಳಿದೆ. ಮರುದಿನ ಭಾನುವಾರ ಎಸ್‌ಎಟಿ ಅಭ್ಯಾಸ ಪರೀಕ್ಷೆ ಇತ್ತು. ಅದರಲ್ಲಿ ಅಂಕ ಕಡಿಮೆ ಬಂತೆಂದು ನಾನು ಮುಖ ಊದಿಸಿಕೊಂಡಿದ್ದೆ. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡುವುದಕ್ಕೆ ನನಗೆ ಇವತ್ತಿನವರೆಗೆ ಬೇಕಾಯಿತು.

ಪೆನ್ನು ಕೊಡಿ, ಅಲ್ಲೇ ಸೀಟಿನ ಮೇಲಿದೆ.

ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಹಠಮಾರಿ. ಇದು ಸುಲಭ, ಹಠವಿಲ್ಲದಿದ್ದರೆ ಮೂರು ವರ್ಷ ಮಹಾಪ್ರಾಣ ತಿದ್ದಿಸಿಕೊಳ್ಳುತ್ತಿರಲಿಲ್ಲ. ಮರೆಯದವಳು. ಇನ್ನೊಂದು? ನಿಧಾನಸ್ಥೆ. ಆ ಪದಕ್ಕೆ ಸರಿಯಾದ ಇಂಗ್ಲಿಷ್ ಮಾತು ಸಿಗುತ್ತಿಲ್ಲ. ಇಲ್ಲಿ ಸಿಗುವ ಪದಗಳೆಲ್ಲ ನಿಧಾನವನ್ನು ಕುಂದೆಂದೇ ಹೇಳುತ್ತವೆ. ನಮ್ಮಲ್ಲಿ ನಿಧಾನಸ್ಥೆ ಅಂದರೆ ಹೆಣ್ಣು ನೋಡಲು ಬಂದವರೂ ತಲೆದೂಗುತ್ತಾರೆ. ಒಂದು ಪದದ ಬದಲು ಒಂದು ವಾಕ್ಯವನ್ನೇ ಬರೆದುಬಿಡುತ್ತೇನೆ, ಓದುವವರಿಗೆ ಅರ್ಥವಾಗಲಿ. ಕೆಳಗೆ ಘಟನೆಯ ಜಾಗದಲ್ಲಿ ಗುಲಾಬಿ ಗಿಡದ ತಾತನ ಹೆಸರು ಹಾರಿಸಿದ ಕಥೆ. ಪದಕ, ರ‍್ಯಾಂಕು, ಸ್ಪರ್ಧೆ ಒಂದೂ ಇಲ್ಲ. ಬರೆಯುತ್ತಾ ಒಂದು ಕಡೆ ಅಕ್ಷರ ಕಲೆಸಿತು, ಕಣ್ಣೊರೆಸಿಕೊಂಡು ಮತ್ತೆ ತಿದ್ದಿದೆ.

ಅಮ್ಮ ಇದ್ದಿದ್ದರೆ ಈ ಹಾಳೆಗೂ ಉಪ್ಪು ನಿವಾಳಿಸುತ್ತಿದ್ದಳು.

ಹಾಳೆಯ ಹಿಂದೆ ಇನ್ನೊಂದು ವಿಷಯ ಬರೆದಿದ್ದೇನೆ, ಅದು ನನಗೆ. ಮುಂದಿನ ವರ್ಷದ ವಿಷಯ ಆರಿಸುವ ಫಾರ್ಮ್ ಮನೆಯಲ್ಲಿ ಬಿದ್ದಿದೆ. ಐದು ಎಪಿ ಬರೆ ಎಂದು ನಾನು, ಮೂರು ಸಾಕು ಜೊತೆಗೆ ಮಣ್ಣಿನ ಪಾತ್ರೆ ಮಾಡುವ ಕ್ಲಾಸು ಬೇಕು ಎಂದು ಅವಳು. ಯುಸಿಯ ಜಿಪಿಎ ಲೆಕ್ಕದಲ್ಲಿ ಎಪಿಯಂಥ ಕೋರ್ಸುಗಳಿಗೆ ಸಿಗುವ ಹೆಚ್ಚುವರಿ ಅಂಕಕ್ಕೆ ಎಂಟು ಸೆಮಿಸ್ಟರಿನ ಮಿತಿ ಇದೆ, ಅಂದರೆ ಪೂರ್ತಿ ವರ್ಷದ ನಾಲ್ಕು ಕೋರ್ಸಿನಷ್ಟು. ಅದೂ ಹನ್ನೊಂದನೇ ಕ್ಲಾಸಿನವರೆಗಿನದು ಮಾತ್ರ. ನಿಯಮ ಬರೆದವರೇ ಒಂದು ಕಡೆ ಸಾಕು ಎಂದಿದ್ದಾರೆ. ನನಗೆ ಮಾತ್ರ ಸಾಕಾಗಿರಲಿಲ್ಲ. ಮಣ್ಣಿನ ಪಾತ್ರೆಗೆ ಸಹಿ ಹಾಕುತ್ತೇನೆ.

ಬಾಗಿಲು ತೆರೆಯಿತು. ಹತ್ತೂಮುಕ್ಕಾಲು. ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬರುತ್ತಿದ್ದಾರೆ. ಧಾರವಾಡದವರ ಮಗ ಎತ್ತರದ ಹುಡುಗ, ಅಪ್ಪನ ಹೆಗಲಿಗೆ ಕೈಹಾಕಿ ಏನೋ ಹೇಳುತ್ತಿದ್ದಾನೆ, ಅವರು ನಗುತ್ತಿದ್ದಾರೆ. ನಮ್ಮ ಕಡೆ ಕೈ ಬೀಸಿ ಹೊರಟರು.

ಮಗಳು ಬಂದು ಕೂತಳು. ಹೇಗಿತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿದೆ. ನುಂಗಿಕೊಳ್ಳುತ್ತೇನೆ. ಅಂಕ ಇನ್ನೆರಡು ವಾರದಲ್ಲಿ ತಾನೇ ಬರುತ್ತದೆ.

"ಅವಲಕ್ಕಿ ಇದೆಯಾ?"

ಡಬ್ಬಿಯಲ್ಲಿದ್ದುದನ್ನೆಲ್ಲ ತಿಂದಳು, ಕೊನೆಯ ಕಡಲೆಬೀಜದವರೆಗೆ. ಫೋನ್ ಆನ್ ಮಾಡಿ ತಾತನಿಗೆ ಬಾದಾಮಿ ತೋಟದ ಚಿತ್ರ ಕಳಿಸಿದಳು, ಅವರಿಗೆ ಕಾಣುವುದಿಲ್ಲವೆಂದು ಒಂದು ಧ್ವನಿಸಂದೇಶವನ್ನೂ ಸೇರಿಸಿದಳು: "ತಾತ, ಎಲ್ಲಾ ಬೆಳ್ಳಗಿದೆ, ನಮ್ಮ ಸಂಪಿಗೆ ಬೀಳತ್ತಲ್ಲ ಅಂಗಳದಲ್ಲಿ, ಹಂಗೆ." ಟ್ರೇಸಿ ಊರು ಬರುವ ಮೊದಲೇ ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಆಲ್ಟಮಾಂಟಿನ ಏರಿನಲ್ಲಿ ನಾನು ಬಲಗಡೆಯ ನಿಧಾನದ ಸಾಲಿಗೆ ಸರಿದೆ, ಲಾರಿಗಳ ಹಿಂದೆ. ಯಾವ ಅವಸರವೂ ಇಲ್ಲ.

ಮನೆ ಬಂತು. ಗ್ಯಾರೇಜಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದ್ದೇನೆ. ಅವಳ ತಲೆ ಕಿಟಕಿಯ ಕಡೆ ವಾಲಿದೆ, ಬಾಯಿ ಅರ್ಧ ತೆರೆದಿದೆ, ಹಣೆಯ ಕುಂಕುಮ ಜಾಕೆಟ್ಟಿನ ತೋಳಿಗೆ ಹತ್ತಿದೆ. ಎಷ್ಟು ಹೊತ್ತು ಮಲಗುತ್ತಾಳೋ ಮಲಗಲಿ, ನಾನು ಇಲ್ಲೇ ಕೂತಿರುತ್ತೇನೆ. ನೀವು ಇಳಿಯುವುದಾದರೆ ಬಾಗಿಲು ಮೆಲ್ಲಗೆ ಹಾಕಿ.